ಮಂತ್ರಶಾಲೆಗೆ ಅಡ್ಮಿಷನ್: ಯಾರ ಕೈಗೆ ಯಾವ ಚೊಚ್ಚಲ ಕಾದಂಬರಿ?

ಅಣ್ಣನ ಮಗಳಿಗೆ ಹದಿಮೂರು ತುಂಬಿದ ದಿನ ಒಂದು ಕಾದಂಬರಿ ಕೊಟ್ಟೆ. ಅಂಗಡಿಯಲ್ಲಿ ಕೇಳಿದಾಗ, "ಬಡ ಹುಡುಗಿ, ಪರೀಕ್ಷೆ ಬರೆದು ದೊಡ್ಡ ಶಾಲೆ ಸೇರ್ತಾಳೆ, ಅಲ್ಲಿ ಮಂತ್ರ ಕಲೀತಾಳೆ" ಅಂದಿದ್ದರು. ಅದು ಸುಳ್ಳೇನಲ್ಲ. ಹಿಂಬದಿ ರಕ್ಷಾಪುಟದಲ್ಲೂ ಹೆಚ್ಚುಕಡಿಮೆ ಅದೇ ಇತ್ತು. ಎರಡು ವಾರ ಆದ ಮೇಲೆ ಅತ್ತಿಗೆ ಫೋನ್ ಮಾಡಿದರು. ಹುಡುಗಿ ರಾತ್ರಿ ದೀಪ ಆರಿಸೋಕೆ ಬಿಡ್ತಿಲ್ಲ, ಏನು ಪುಸ್ತಕ ಕೊಟ್ಟೆ ನೀನು ಅಂತ ಕೇಳಿದರು.

ಅದು 'ದಿ ಪಾಪಿ ವಾರ್'. ಮೊದಲ ಭಾಗ ಶಾಲೆಯ ಕಥೆ, ಆಮೇಲೆ ಪೂರ್ತಿ ಯುದ್ಧ. ಅದರಲ್ಲೂ ಒಂದು ಅಧ್ಯಾಯ 1937ರಲ್ಲಿ ಜಪಾನಿ ಸೈನ್ಯ ಚೀನಾದಲ್ಲಿ ನಡೆಸಿದ ನಾನ್‌ಜಿಂಗ್ ಹತ್ಯಾಕಾಂಡದ ಅಚ್ಚಿನಲ್ಲಿದೆ, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳುತ್ತದೆ. ಪುಸ್ತಕದ್ದೇನೂ ತಪ್ಪಿಲ್ಲ, ಬಹಳ ದೊಡ್ಡ ಪುಸ್ತಕ ಅದು. ಓದದೆ ಕೊಟ್ಟ ನನ್ನದೇ ತಪ್ಪು.

ಅವತ್ತಿನಿಂದ ಮಂತ್ರಶಾಲೆಯ ಕಾದಂಬರಿ ಯಾರಾದರೂ ಕೇಳಿದರೆ ಮೊದಲು ನಾನು ಓದುತ್ತೇನೆ. ಓದ್ತಾ ಓದ್ತಾ ಒಂದು ವಿಷಯ ಗೊತ್ತಾಯಿತು. ಶಾಲೆ, ಹಾಸ್ಟೆಲ್, ಮೇಷ್ಟ್ರು, ಒಬ್ಬ ಗೆಳೆಯ, ಒಬ್ಬ ವೈರಿ, ಇವೆಲ್ಲ ಎಲ್ಲ ಪುಸ್ತಕದಲ್ಲೂ ಇರುತ್ತವೆ. ಬೇರೆಯಾಗುವುದು ಒಂದೇ ವಿಷಯದಲ್ಲಿ. ವಿದ್ಯೆ ಕೊಡುವ ಆ ಶಾಲೆ ಮಗುವಿನಿಂದ ಏನು ಫೀಸು ತಗೊಳ್ಳುತ್ತದೆ?

ನಮಗಿದು ಹೊಸ ಪ್ರಶ್ನೆ ಅಲ್ಲ. ಕಚ ಮೃತಸಂಜೀವಿನಿ ಕಲಿಯೋಕೆ ಶುಕ್ರಾಚಾರ್ಯರ ಹತ್ತಿರ ಹೋದ. ಅಸುರರು ಅವನನ್ನು ಕೊಂದು, ಸುಟ್ಟು, ಬೂದಿಯನ್ನು ಮದ್ಯದಲ್ಲಿ ಕಲಸಿ ಗುರುವಿಗೇ ಕುಡಿಸಿದರು. ಕರ್ಣ ಸುಳ್ಳು ಹೇಳಿ ಪರಶುರಾಮರ ಹತ್ತಿರ ಕಲಿತ. ಬೇಕಾದ ಹೊತ್ತಿಗೇ ಮಂತ್ರ ಮರೆತುಹೋಗಲಿ ಎಂಬ ಶಾಪ ಹೊತ್ತು ಬಂದ. ಈ ಕಥೆ ಕೇಳಿ ಬೆಳೆದವರು ನಾವು. ಹಾಗಾಗಿ ಪುಸ್ತಕ ಆರಿಸುವಾಗಲೂ ಅದನ್ನೇ ನೋಡೋಣ. ನಿಮ್ಮ ಮನೆಯ ಓದುಗರಿಗೆ ಎಷ್ಟು ಫೀಸಿನ ಶಾಲೆ ಸರಿ?

ಇಲ್ಲಿ ಲೇಖಕರ ಮೊದಲ ಕಾದಂಬರಿಗಳನ್ನು ಮಾತ್ರ ತಗೊಂಡಿದ್ದೇನೆ. ಮೊದಲ ಪುಸ್ತಕದಲ್ಲಿ ಬರೆಯುವವರು ತಮ್ಮ ಶಾಲೆಯ ದಿನಗಳನ್ನು ಇನ್ನೂ ಮರೆತಿರುವುದಿಲ್ಲ. ಬೈಸಿಕೊಂಡಿದ್ದು, ಹೊರಗೆ ನಿಂತಿದ್ದು, ಫೀಸು ಕಟ್ಟೋಕೆ ಪರದಾಡಿದ್ದು, ಎಲ್ಲ ಹಸಿಯಾಗೇ ಬರುತ್ತದೆ. ಉರ್ಸುಲಾ ಲೆ ಗ್ವಿನ್ ಅವರ 'ಎ ವಿಜರ್ಡ್ ಆಫ್ ಅರ್ತ್‌ಸೀ' 1968ರದ್ದು, ಈ ದಾರಿಗೆ ದೀಪ ಇಟ್ಟ ಪುಸ್ತಕಗಳಲ್ಲಿ ಒಂದು. ಆದರೆ ಅದು ಅವರ ಮೊದಲ ಕಾದಂಬರಿ ಅಲ್ಲ. ಅದಕ್ಕೇ ಇಲ್ಲಿ ಬಿಟ್ಟಿದ್ದೇನೆ. ಸಿಕ್ಕರೆ ಖಂಡಿತ ಓದಿ.

ಏಳೆಂಟು ವರ್ಷದ ಮಗುವಿಗೆ

ಇಲ್ಲಿ ನನಗೆ ಅನುಮಾನವೇ ಇಲ್ಲ. ಜಿಲ್ ಮರ್ಫಿ ಅವರ 'ದಿ ವರ್ಸ್ಟ್ ವಿಚ್'. ಬಂದದ್ದು 1974ರಲ್ಲಿ. ಹ್ಯಾರಿ ಪಾಟರ್ ಹುಟ್ಟೋಕೆ ಇನ್ನೂ 23 ವರ್ಷ ಇತ್ತು. ಮರ್ಫಿ ಇದನ್ನು ಬರೆಯೋಕೆ ಶುರು ಮಾಡಿದ್ದು ತಾವೇ ಶಾಲೆಯಲ್ಲಿ ಓದುತ್ತಿದ್ದಾಗ. ಚಿತ್ರಗಳೂ ಅವರದೇ. ಮಾಟಗಾತಿಯರ ಶಾಲೆ ಅಂದರೆ ಮಕ್ಕಳು ಹೆದರಿಕೊಳ್ಳುತ್ತಾರೆ ಅಂತ ಮೊದಮೊದಲು ಪ್ರಕಾಶಕರು ಹಿಂಜರಿದರು.

ಮಿಲ್ಡ್ರೆಡ್ ಹಬಲ್ ಎಂಬ ಹುಡುಗಿ. ಬೆಟ್ಟದ ಮೇಲಿನ ಶಾಲೆ. ಜಡೆ ಬಿಚ್ಚಿಹೋಗಿರುತ್ತದೆ, ಬೂಟಿನ ಲಾಡಿ ನೆಲದ ಮೇಲೆ ಎಳೆದಾಡುತ್ತಿರುತ್ತದೆ. ಪೊರಕೆ ಮೇಲೆ ಹಾರೋಕೆ ಹೋದರೆ ಗೋಡೆಗೆ ಗುದ್ದುತ್ತಾಳೆ. ಶಾಲೆಯಲ್ಲಿ ಒಂದು ದಿನ ಎಲ್ಲ ಹುಡುಗಿಯರಿಗೂ ಒಂದೊಂದು ಕರಿ ಬೆಕ್ಕಿನ ಮರಿ ಕೊಡುವ ಸಮಾರಂಭ. ಸಾಲಾಗಿ ನಿಲ್ಲಿಸಿ ಕೊಡುತ್ತಾರೆ. ಮಿಲ್ಡ್ರೆಡ್ ಸರದಿ ಬರುವ ಹೊತ್ತಿಗೆ ಕರಿ ಮರಿಗಳು ಮುಗಿದಿವೆ. ಅವಳ ಕೈಗೆ ಬರುವುದು ಪಟ್ಟೆಪಟ್ಟೆಯ ಬೂದು ಮರಿ.

ಆ ಒಂದು ಬೆಕ್ಕಿನ ಮರಿಯಲ್ಲಿ ಇಡೀ ಪುಸ್ತಕ ಇದೆ. ಯೂನಿಫಾರ್ಮ್ ಬಟ್ಟೆ ಮುಗಿದು ಬೇರೆ ಛಾಯೆಯ ಬಟ್ಟೆ ಹೊಲಿಸಿಕೊಂಡು ಬಂದ ಮಗು ಪ್ರತಿ ಶಾಲೆಯಲ್ಲೂ ಇರುತ್ತದೆ, ಅಲ್ವಾ? ಪ್ರಾರ್ಥನೆಯ ಸಾಲಿನಲ್ಲಿ ಆ ಮಗು ಮಾತ್ರ ಎದ್ದು ಕಾಣುತ್ತದೆ. ಮಿಲ್ಡ್ರೆಡ್ ಆ ಮರಿಯನ್ನು ಬೇಡ ಅನ್ನುವುದಿಲ್ಲ. ಅದಕ್ಕೂ ಪೊರಕೆ ಮೇಲೆ ಕೂರೋಕೆ ಹೆದರಿಕೆ. ಇಬ್ಬರೂ ಜೊತೆಗೇ ಬೀಳುತ್ತಾರೆ.

ಈ ಶಾಲೆಯ ಫೀಸು ಬೈಗುಳ ಮತ್ತು ನಾಚಿಕೆ, ಅಷ್ಟೇ. ಮಿಸ್ ಹಾರ್ಡ್‌ಬ್ರೂಮ್ ಎಂಬ ಟೀಚರ್ ಇದ್ದಕ್ಕಿದ್ದಂತೆ ಹಿಂದೆ ಪ್ರತ್ಯಕ್ಷವಾಗುತ್ತಾರೆ, ಒಂದು ಹುಬ್ಬು ಏರಿಸಿದರೆ ಸಾಕು, ಮಕ್ಕಳ ಉಸಿರು ನಿಲ್ಲುತ್ತದೆ. ಆದರೆ ಯಾರೂ ಸಾಯುವುದಿಲ್ಲ. ಯಾರ ತಂದೆ ತಾಯಿಯೂ ಸತ್ತಿಲ್ಲ. ನೂರು ಪುಟದ ಆಸುಪಾಸು. ಪುಟಪುಟಕ್ಕೂ ಚಿತ್ರ. ಇಂಗ್ಲಿಷನ್ನು ಕೂಡಿಸಿಕೊಂಡು ಓದುವ ಮಗುವಿಗೆ, ತಾನಾಗಿ ಓದಿ ಮುಗಿಸಿದೆ ಅನ್ನುವ ಖುಷಿ ಸಿಗಬೇಕಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆ ಪುಸ್ತಕ ನನಗೆ ಗೊತ್ತಿಲ್ಲ. ಇಷ್ಟವಾದರೆ ಸರಣಿಯಲ್ಲಿ ಇನ್ನೂ ಏಳು ಪುಸ್ತಕ ಇವೆ. ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಕಥೆ ಅರ್ಧಕ್ಕೆ ನೇತಾಡುವುದಿಲ್ಲ.

ಒಂಬತ್ತರಿಂದ ಹನ್ನೆರಡು: ಪಾಟರ್ರಾ, ನೆವರ್‌ಮೂರಾ?

'ಹ್ಯಾರಿ ಪಾಟರ್ ಅಂಡ್ ದಿ ಫಿಲಾಸಫರ್ಸ್ ಸ್ಟೋನ್' ಬಗ್ಗೆ ನಾನು ಹೊಸದಾಗಿ ಹೇಳುವುದು ಕಡಿಮೆ. ಆದರೆ ಇವತ್ತಿನ ಮಕ್ಕಳು ಅದನ್ನು ಸಿನಿಮಾದಿಂದ, ಟೀ ಶರ್ಟಿನಿಂದ ಮೊದಲು ಬಲ್ಲರು. ಇದೂ ಒಬ್ಬರ ಮೊದಲ ಪುಸ್ತಕ ಅನ್ನುವುದು ಮರೆತೇಹೋಗಿದೆ. ಜೆ. ಕೆ. ರೌಲಿಂಗ್ ಅವರ ಈ ಹಸ್ತಪ್ರತಿಯನ್ನು ಹನ್ನೆರಡು ಪ್ರಕಾಶಕರು ಬೇಡ ಅಂದಿದ್ದರು. 1997ರ ಜೂನ್‌ನಲ್ಲಿ ಬ್ಲೂಮ್ಸ್‌ಬರಿ ತಂದಾಗ ಗಟ್ಟಿ ರಟ್ಟಿನ ಮೊದಲ ಮುದ್ರಣ ಬರೀ 500 ಪ್ರತಿ. ಆ 500ರ ಕಾಲದ ಪುಸ್ತಕ ಅಂದುಕೊಂಡು ಓದಿ ನೋಡಿ, ಬೇರೆಯೇ ರುಚಿ.

ರೈಲಿನ ದೃಶ್ಯ ಒಂದನ್ನೇ ತಗೊಳ್ಳಿ. ರಾನ್ ಕೂತಿದ್ದಾನೆ. ಅವನ ಮಂತ್ರದಂಡ ಒಬ್ಬ ಅಣ್ಣ ಬಳಸಿ ಬಿಟ್ಟಿದ್ದು. ಇಲಿ ಇನ್ನೊಬ್ಬ ಅಣ್ಣನದು. ಅಮ್ಮ ಕಟ್ಟಿಕೊಟ್ಟ ಸ್ಯಾಂಡ್‌ವಿಚ್ ಅವನಿಗೆ ಇಷ್ಟ ಇಲ್ಲ, ಅದನ್ನು ತೋರಿಸೋಕೂ ಸಂಕೋಚ. ಎದುರಿಗೆ ಕೂತ ಹ್ಯಾರಿಯ ಜೇಬಿನಲ್ಲಿ ಜೀವನದಲ್ಲೇ ಮೊದಲ ಸಲ ದುಡ್ಡಿದೆ. ಗಾಡಿಯಲ್ಲಿ ಬಂದ ತಿಂಡಿಯನ್ನೆಲ್ಲ ಕೊಂಡು ಹಂಚಿ ತಿನ್ನುತ್ತಾನೆ. ಹಂಚಿ ತಿನ್ನೋಕೆ ಅವನಿಗೆ ಅಲ್ಲಿವರೆಗೆ ಏನೂ ಇರಲಿಲ್ಲ, ಯಾರೂ ಇರಲಿಲ್ಲ. ಮಂತ್ರ ಇನ್ನೂ ಶುರುವೇ ಆಗಿಲ್ಲ, ಇಬ್ಬರು ಮಕ್ಕಳ ಸ್ನೇಹ ಆಗಿಬಿಟ್ಟಿದೆ.

ಇಲ್ಲಿನ ಫೀಸು ಮಿಲ್ಡ್ರೆಡ್ ಶಾಲೆಗಿಂತ ಜಾಸ್ತಿ. ಕಥೆ ಹೊರಡುವುದೇ ತಂದೆ ತಾಯಿಯ ಕೊಲೆಯಿಂದ. ಕನ್ನಡಿಯ ಅಧ್ಯಾಯದಲ್ಲಿ ಹ್ಯಾರಿ ಸತ್ತುಹೋದ ಅಪ್ಪ ಅಮ್ಮನನ್ನು ನೋಡುತ್ತಾ ರಾತ್ರಿ ರಾತ್ರಿ ಹೋಗಿ ಕೂರುತ್ತಾನೆ. ಮನೆಯಲ್ಲಿ ಹತ್ತಿರದವರನ್ನು ಕಳೆದುಕೊಂಡ ಮಗು ಇದ್ದರೆ ಆ ಅಧ್ಯಾಯವನ್ನು ಜೊತೆಗೆ ಕೂತು ಓದಿ. ಅಳು ಬಂದರೆ ಬರಲಿ, ಜೊತೆಗೆ ಯಾರಾದರೂ ಇರಬೇಕು.

ಒಂದು ಸಣ್ಣ ಸೂಚನೆ. ಅಮೆರಿಕದಲ್ಲಿರುವ ಅತ್ತೆ, ಮಾವ ತಂದ ಪ್ರತಿಯ ಮೇಲೆ 'ಸಾರ್ಸರರ್ಸ್ ಸ್ಟೋನ್' ಅಂತ ಇದ್ದರೆ ಅದು ಬೇರೆ ಭಾಗ ಅಂದುಕೊಂಡು ಎರಡೂ ಕೊಳ್ಳಬೇಡಿ. 1998ರಲ್ಲಿ ಅಲ್ಲಿ ಹೆಸರು ಬದಲಿಸಿ ತಂದರು. ಪುಸ್ತಕ ಅದೇ.

ಪಾಟರ್ ಓದಿ ಮುಗಿಸಿ "ಇದೇ ಥರದ್ದು ಇನ್ನೊಂದು" ಅಂತ ಕಾಡುವ ಮಕ್ಕಳಿಗೆ ನಾನು ಕೊಡುವುದು 'ನೆವರ್‌ಮೂರ್: ದಿ ಟ್ರಯಲ್ಸ್ ಆಫ್ ಮಾರಿಗನ್ ಕ್ರೋ'. ಆಸ್ಟ್ರೇಲಿಯಾದ ಜೆಸಿಕಾ ಟೌನ್‌ಸೆಂಡ್ ಅವರ ಮೊದಲ ಕಾದಂಬರಿ, 2017ರದ್ದು. ಮಾರಿಗನ್ ಶಾಪಗ್ರಸ್ತ ಮಗು. ಊರಲ್ಲಿ ಯಾರಿಗೆ ಏನು ಕೆಟ್ಟದ್ದಾದರೂ ಅವಳ ತಲೆಗೇ ಕಟ್ಟುತ್ತಾರೆ. ಅವಳು ಕೂತು ಒಬ್ಬೊಬ್ಬರಿಗೂ ಕ್ಷಮೆ ಕೇಳಿ ಪತ್ರ ಬರೆಯುತ್ತಾಳೆ. ಹನ್ನೊಂದನೇ ಹುಟ್ಟುಹಬ್ಬದ ದಿನ ಸಾಯುತ್ತಾಳೆ ಅಂತ ಎಲ್ಲರೂ ನಂಬಿದ್ದಾರೆ, ಮನೆಯವರೂ. 'ಇವಳ ಕಾಲ್ಗುಣ ಸರಿಯಿಲ್ಲ' ಅನ್ನುವ ಮಾತು ಕೇಳಿ ಬೆಳೆದ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟಿಲ್ಲ? ಆ ಪತ್ರಗಳ ಪುಟ ಓದಿದಾಗ ನನಗೆ ಗಂಟಲು ಕಟ್ಟಿತು.

ಅವಳನ್ನು ಜುಪಿಟರ್ ನಾರ್ತ್ ಎಂಬ ಕೆಂಪು ಗಡ್ಡದ ಮನುಷ್ಯ ಬಂದು ನೆವರ್‌ಮೂರ್ ಎಂಬ ಊರಿಗೆ ಎತ್ತಿಕೊಂಡು ಹೋಗುತ್ತಾನೆ. ಮಾತಾಡುವ ದೈತ್ಯ ಬೆಕ್ಕು ನೋಡಿಕೊಳ್ಳುವ ಹೋಟೆಲಿನಲ್ಲಿ ಇಳಿಸುತ್ತಾನೆ. ಅಲ್ಲಿ ಉಳಿಯಬೇಕು ಅಂದರೆ ನಾಲ್ಕು ಪರೀಕ್ಷೆ ಗೆಲ್ಲಬೇಕು. ಕೊನೆಯ ಪರೀಕ್ಷೆಯಲ್ಲಿ ತನ್ನ ವಿಶೇಷ ಪ್ರತಿಭೆ ಏನು ಅಂತ ತೋರಿಸಬೇಕು. ಅವಳಿಗೆ ತನ್ನದು ಏನು ಅಂತಲೇ ಗೊತ್ತಿಲ್ಲ. ಡ್ಯಾನ್ಸ್ ಬಾರದ, ಹಾಡು ಬಾರದ, ಶಾಲಾ ವಾರ್ಷಿಕೋತ್ಸವದಲ್ಲಿ ಹಿಂದೆ ನಿಲ್ಲುವ ಮಕ್ಕಳಿಗೆ ಈ ಭಯ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಎರಡರಲ್ಲಿ ಯಾವುದು? ಶಾಲೆಯ ಒಳಗಿನ ಬದುಕು ಬೇಕು, ತರಗತಿ, ಊಟದ ಹಾಲ್, ಪರೀಕ್ಷೆ, ಆಟದ ಮೈದಾನ ಬೇಕು ಅನ್ನುವವರಿಗೆ ಪಾಟರ್. ನೆವರ್‌ಮೂರ್‌ನ ಮೊದಲ ಪುಸ್ತಕ ಅಡ್ಮಿಷನ್ ಸಿಗುವ ತನಕದ ಕಥೆ. ತರಗತಿಗಳು ಸರಿಯಾಗಿ ಶುರುವಾಗುವುದು 2018ರಲ್ಲಿ ಬಂದ ಎರಡನೆಯದರಲ್ಲಿ. ಇದನ್ನು ಮೊದಲೇ ಹೇಳಿ ಕೊಡದಿದ್ದರೆ ಮಗು "ಶಾಲೆ ಎಲ್ಲಿ?" ಅಂತ ಕೇಳುತ್ತದೆ. ನನ್ನನ್ನು ಕೇಳಿದ್ದಾರೆ. ಆದರೆ ಮನೆಯಲ್ಲಿ ಸ್ವಲ್ಪ ಮೆತ್ತಗಿನ, ತಾನು ಯಾರಿಗೂ ಬೇಡ ಅಂದುಕೊಳ್ಳುವ ಮಗು ಇದ್ದರೆ ನಾನು ಪಾಟರ್‌ಗಿಂತ ಮೊದಲು ಮಾರಿಗನ್‌ಳನ್ನೇ ಕೊಡುತ್ತೇನೆ. ಹ್ಯಾರಿ ಹೋದ ಕಡೆ ಅವನ ಹೆಸರು ಮೊದಲೇ ಎಲ್ಲರಿಗೂ ಗೊತ್ತು, ಬಾಗಿಲು ತೆರೆದೇ ಇದೆ. ಮಾರಿಗನ್ ಬಾಗಿಲ ಹೊರಗೆ ನಿಂತು ತಟ್ಟುತ್ತಲೇ ಇರಬೇಕು.

ಈ ವಯಸ್ಸಿಗೇ ಬಿ. ಬಿ. ಆಲ್‌ಸ್ಟನ್ ಅವರ 'ಅಮಾರಿ ಅಂಡ್ ದಿ ನೈಟ್ ಬ್ರದರ್ಸ್' ಕೂಡ ಇದೆ. 2021ರದ್ದು. ಕಾಣೆಯಾದ ಅಣ್ಣನನ್ನು ಹುಡುಕುತ್ತಾ ಅಮಾರಿ ಎಂಬ ಕಪ್ಪು ಹುಡುಗಿ ಅತಿಮಾನುಷ ವ್ಯವಹಾರಗಳ ಒಂದು ಗುಟ್ಟಿನ ಇಲಾಖೆಯ ಬೇಸಿಗೆ ತರಬೇತಿ ಸೇರುತ್ತಾಳೆ. ಓಟ ಜೋರಾಗಿದೆ. ಪತ್ತೇದಾರಿ ಇಷ್ಟಪಡುವ ಮಕ್ಕಳು ಇದನ್ನು ಎರಡು ದಿನದಲ್ಲಿ ಮುಗಿಸುತ್ತಾರೆ.

ಹದಿನೈದರ ನಂತರ

ಅಣ್ಣನ ಮಗಳಿಗೆ ನಾನು ಆಮೇಲೆ ಕೊಟ್ಟದ್ದು ಟ್ರೇಸಿ ಡಿಯಾನ್ ಅವರ 'ಲೆಜೆಂಡ್‌ಬಾರ್ನ್'. 2020ರಲ್ಲಿ ಬಂತು. ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್‌ನಲ್ಲಿರುವ ನಿಜವಾದ ವಿಶ್ವವಿದ್ಯಾಲಯವೇ ಇಲ್ಲಿನ ಜಾಗ. ಹದಿನಾರರ ಬ್ರೀ ಅಲ್ಲಿ ಸೇರುವ ಹೊತ್ತಿಗೆ ಅಮ್ಮ ಅಪಘಾತದಲ್ಲಿ ತೀರಿಕೊಂಡು ಸ್ವಲ್ಪ ತಿಂಗಳಾಗಿದೆ. ಕ್ಯಾಂಪಸ್ಸಿನಲ್ಲಿ ಆರ್ಥರ್ ರಾಜನ ಯೋಧರ ವಂಶದವರು ನಡೆಸುವ ಒಂದು ರಹಸ್ಯ ಸಂಘ ಇದೆ. ಅಲ್ಲಿನ ಒಬ್ಬ ಹುಡುಗ ಬ್ರೀಯ ನೆನಪು ಅಳಿಸೋಕೆ ನೋಡುತ್ತಾನೆ, ಆಗುವುದಿಲ್ಲ. ಆಗ ಅವಳಿಗೆ ನೆನಪಾಗುತ್ತದೆ, ಅಮ್ಮ ಸತ್ತ ರಾತ್ರಿ ಆಸ್ಪತ್ರೆಯಲ್ಲೂ ಯಾರೋ ಹೀಗೇ ಮಾಡಿದ್ದರು.

ಒಂದು ಕಡೆ ಬಿಳಿಯರ ವಂಶಾವಳಿಯ ಮಂತ್ರ. ಇನ್ನೊಂದು ಕಡೆ ಅದೇ ನೆಲದಲ್ಲಿ ಗುಲಾಮರಾಗಿ ದುಡಿದು ಮಣ್ಣಾದವರಿಂದ ಬಂದ ಬೇರಿನ ವಿದ್ಯೆ. ವಂಶವೃಕ್ಷ ಬರೆದಿಟ್ಟುಕೊಂಡವರು ಯಾರು, ಬರೆದಿಡೋಕೆ ಬಿಡದವರು ಯಾರು ಅನ್ನುವ ಪ್ರಶ್ನೆ ಈ ಪುಸ್ತಕದ ಬೆನ್ನೆಲುಬು. ಫೀಸು ದುಃಖದ ರೂಪದಲ್ಲಿದೆ. ಅಮ್ಮನ ಸಾವನ್ನು ಎದುರಿಸದೆ ಬ್ರೀಗೆ ಒಂದು ಹೆಜ್ಜೆಯೂ ಮುಂದೆ ಹೋಗೋಕೆ ಆಗುವುದಿಲ್ಲ. 2021ರಲ್ಲಿ ಹೊಸ ಪ್ರತಿಭೆಗೆ ಕೊಡುವ ಕೊರೆಟ್ಟಾ ಸ್ಕಾಟ್ ಕಿಂಗ್–ಜಾನ್ ಸ್ಟೆಪ್ಟೋ ಪ್ರಶಸ್ತಿ ಇದಕ್ಕೆ ಬಂತು. ಪದವಿಗಳ, ಶ್ರೇಣಿಗಳ ಹೆಸರು ಸ್ವಲ್ಪ ಜಾಸ್ತಿ, ಮೊದಲ ನೂರು ಪುಟ ತಾಳ್ಮೆ ಬೇಕು.

ದೊಡ್ಡವರಿಗೆ: ಕ್ವೋತ್ ಅಥವಾ ರಿನ್

ನಿಜವಾದ ಇಕ್ಕಟ್ಟು ಇಲ್ಲಿದೆ. ನನ್ನನ್ನು ಜಾಸ್ತಿ ಜನ ಕೇಳುವುದು ಈ ಎರಡರ ಬಗ್ಗೆ. ಪ್ಯಾಟ್ರಿಕ್ ರಾತ್‌ಫಸ್ ಅವರ 'ದಿ ನೇಮ್ ಆಫ್ ದಿ ವಿಂಡ್', 2007. ಆರ್. ಎಫ್. ಕ್ವಾಂಗ್ ಅವರ 'ದಿ ಪಾಪಿ ವಾರ್', 2018. ಮೊದಲನೆಯದರ ನಾಯಕ ಕ್ವೋತ್, ಎರಡನೆಯದರ ನಾಯಕಿ ರಿನ್. ಎರಡರಲ್ಲೂ ತಂದೆ ತಾಯಿ ಇಲ್ಲದ, ಕೈಯಲ್ಲಿ ಕಾಸಿಲ್ಲದ, ಬುದ್ಧಿ ಒಂದನ್ನೇ ನಂಬಿ ಬಂದ ಮಗು. ಎರಡರಲ್ಲೂ ದೇಶದಲ್ಲೇ ದೊಡ್ಡ ವಿದ್ಯಾಸಂಸ್ಥೆ. ಆದರೆ ಒಂದು ಮುಗಿಸಿದಾಗ ಆಗುವ ಅನುಭವಕ್ಕೂ ಇನ್ನೊಂದಕ್ಕೂ ಅಜಗಜಾಂತರ.

ಕ್ವೋತ್‌ನ ಶಾಲೆಯಲ್ಲಿ ಫೀಸು ಅಂದರೆ ನಿಜವಾಗಲೂ ಫೀಸು. ನಾಣ್ಯ. ಪ್ರತಿ ಅವಧಿಗೂ ವಿದ್ಯಾರ್ಥಿ ಒಂಬತ್ತು ಮಂದಿ ಗುರುಗಳ ಮುಂದೆ ನಿಲ್ಲಬೇಕು. ಅವರು ಪ್ರಶ್ನೆ ಕೇಳುತ್ತಾರೆ. ಉತ್ತರ ನೋಡಿ ಈ ಸಲ ಎಷ್ಟು ಕಟ್ಟಬೇಕು ಅಂತ ಹೇಳುತ್ತಾರೆ. ಮೊದಲ ಸಲ ಹೋಗುವಾಗ ಹುಡುಗನಿಗೆ ಹದಿನೈದು. ಒಂದು ಕಡೆ ಬಚ್ಚಿಟ್ಟುಕೊಂಡು ಬೇರೆಯವರಿಗೆ ಏನೇನು ಕೇಳುತ್ತಾರೆ ಅಂತ ಮೊದಲೇ ಕೇಳಿಸಿಕೊಂಡಿರುತ್ತಾನೆ. ಎಷ್ಟು ಚೆನ್ನಾಗಿ ಉತ್ತರ ಕೊಡುತ್ತಾನೆ ಅಂದರೆ, ಶಾಲೆಯೇ ಅವನಿಗೆ ಮೂರು ಟ್ಯಾಲೆಂಟ್ ನಾಣ್ಯ ಕೊಟ್ಟು ಸೇರಿಸಿಕೊಳ್ಳುತ್ತದೆ. ಆ ದೃಶ್ಯ ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಆದರೆ ಮುಂದಿನ ಅವಧಿ ಬಂದೇ ಬರುತ್ತದಲ್ಲ. ದುಡ್ಡಿಗೆ ಅವನು ಸಾಲ ಕೊಡುವ ಹೆಂಗಸಿನ ಹತ್ತಿರ ಹೋಗುತ್ತಾನೆ. ಅಡಮಾನಕ್ಕೆ ಅವಳು ಕೇಳುವುದು ಅವನ ರಕ್ತದ ಕೆಲವು ಹನಿ. ಈ ಲೋಕದ ಮಂತ್ರ ಗೊತ್ತಿದ್ದರೆ ಎದೆ ಝಲ್ ಅನ್ನುತ್ತದೆ. ಏಕೆಂದರೆ ಇಲ್ಲಿನ ವಿದ್ಯೆ ಎರಡು ವಸ್ತುಗಳ ನಡುವೆ ನಂಟು ಕಟ್ಟುವುದು. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಆಗುತ್ತದೆ. ಎಷ್ಟು ಶಕ್ತಿ ಹಾಕುತ್ತೀರೋ ಅಷ್ಟೇ ಬರುತ್ತದೆ, ದಾರಿಯಲ್ಲಿ ಸ್ವಲ್ಪ ಸೋರಿಹೋಗುತ್ತದೆ. ಫಿಸಿಕ್ಸ್ ಓದಿದವರಿಗೆ ಬಹಳ ಹಿಡಿಸುವ ಮಂತ್ರ. ಕ್ವೋತ್ ಒಮ್ಮೆ ಮೇಣದ ಗೊಂಬೆ ಮಾಡಿ ತರಗತಿಯಲ್ಲಿ ಒಬ್ಬ ಮೇಷ್ಟರ ಕಾಲಿಗೆ ಬಿಸಿ ಮುಟ್ಟಿಸುತ್ತಾನೆ, ಅಕ್ಷರಶಃ. ಅದಕ್ಕೆ ಚಾಟಿ ಏಟು ತಿನ್ನುತ್ತಾನೆ. ಈಗ ಯೋಚಿಸಿ, ಅಂಥ ಲೋಕದಲ್ಲಿ ನಿಮ್ಮ ರಕ್ತ ಸಾಲ ಕೊಟ್ಟವರ ಕೈಯಲ್ಲಿ ಇದ್ದರೆ?

ಅವನನ್ನು ಅತಿ ಜಾಸ್ತಿ ನೋಯಿಸುವ ಶಿಕ್ಷೆ ಚಾಟಿ ಏಟಲ್ಲ. ಒಬ್ಬ ಶ್ರೀಮಂತ ಹುಡುಗ ಬೇಕಂತಲೇ ದಾರಿ ತಪ್ಪಿಸಿ ಅವನ ಕೈಗೆ ಮೇಣದಬತ್ತಿ ಮಾರುತ್ತಾನೆ. ಅದನ್ನು ಹಚ್ಚಿಕೊಂಡು ಪುಸ್ತಕಭಂಡಾರದ ಒಳಗೆ ಹೋದ ಕ್ವೋತ್‌ಗೆ ಅಲ್ಲಿ ಕಾಲಿಡದಂತೆ ನಿಷೇಧ ಬೀಳುತ್ತದೆ. ಆ ಪುಸ್ತಕಗಳಿಗಾಗಿಯೇ ಅವನು ಅಷ್ಟು ದೂರ ಬಂದಿದ್ದು. ಓದೋಕೆ ಬಂದವನಿಗೆ ಲೈಬ್ರರಿ ಬಂದ್. ಇದಕ್ಕಿಂತ ಕ್ರೂರ ಶಿಕ್ಷೆ ಏನಿದೆ ಹೇಳಿ.

ರಾತ್‌ಫಸ್ ವಿಸ್ಕಾನ್ಸಿನ್‌ನ ಸ್ಟೀವನ್ಸ್ ಪಾಯಿಂಟ್‌ನಲ್ಲಿ ಡಿಗ್ರಿ ಮುಗಿಸೋಕೆ ಒಂಬತ್ತು ವರ್ಷ ತಗೊಂಡರು. ವಿಷಯದಿಂದ ವಿಷಯಕ್ಕೆ ಹಾರುತ್ತಾ, ಕ್ಯಾಂಪಸ್ಸಿನಲ್ಲೇ ಬದುಕಿದವರು. ಅದು ಈ ಪುಸ್ತಕದಲ್ಲಿ ಕಾಣುತ್ತದೆ. ಕಾಲೇಜನ್ನು ಪ್ರೀತಿಸಿದವರ ಬರವಣಿಗೆ ಇದು. ವಾಕ್ಯಗಳು ಹಾಡಿನ ಹಾಗೆ ಸಾಗುತ್ತವೆ.

ರಿನ್‌ನ ಕಥೆಯಲ್ಲಿ ಫೀಸು ಸೊನ್ನೆ. ಅದಕ್ಕೇ ಅವಳು ಅಲ್ಲಿಗೆ ಹೋಗುವುದು. ಅಫೀಮು ಮಾರುವ ಸಾಕುಮನೆಯವರು ಅವಳನ್ನು ವಯಸ್ಸಾದ ಗಂಡಿಗೆ ಕಟ್ಟೋಕೆ ಹೊರಟಿದ್ದಾರೆ. ತಪ್ಪಿಸಿಕೊಳ್ಳೋಕೆ ಇರುವುದು ಒಂದೇ ದಾರಿ, ಕೇಜು ಎಂಬ ಪ್ರವೇಶ ಪರೀಕ್ಷೆ. ಚೀನಾದ ಹಳೆಯ ಸರ್ಕಾರಿ ಪರೀಕ್ಷಾ ಪದ್ಧತಿಯ ಅಚ್ಚು ಅದು. ಸಿನೆಗಾರ್ಡ್ ಅಕಾಡೆಮಿಯಲ್ಲಿ ಸೀಟು ಸಿಕ್ಕರೆ ದುಡ್ಡು ಕಟ್ಟಬೇಕಾಗಿಲ್ಲ. ಅವಳು ರಾತ್ರಿ ಇಡೀ ಓದುತ್ತಾಳೆ. ನಿದ್ದೆ ಬಂದರೆ ಉರಿಯುವ ಮೇಣವನ್ನು ತನ್ನ ಕೈಮೇಲೆ ಬಿಟ್ಟುಕೊಳ್ಳುತ್ತಾಳೆ. ತೋಳಿನ ಮೇಲೆ ಸುಟ್ಟ ಗುರುತುಗಳ ಸಾಲು. ಸಿಇಟಿ, ನೀಟ್ ಅಂತ ಎರಡೆರಡು ವರ್ಷ ಕೂತವರು ಈ ಪುಟಗಳನ್ನು ಸುಮ್ನೆ ದಾಟಿ ಹೋಗೋಕೆ ಆಗುವುದಿಲ್ಲ.

ಇಡೀ ಪ್ರಾಂತ್ಯಕ್ಕೆ ಮೊದಲಿಗಳಾಗಿ ಬಂದರೆ ಮೊದಲು ಬರುವುದು ಕಾಪಿ ಹೊಡೆದಳು ಎಂಬ ಆರೋಪ. ಶಾಲೆ ಸೇರಿದರೆ ಕಪ್ಪು ಚರ್ಮ, ಹಳ್ಳಿಯ ಹುಟ್ಟು ನೋಡಿ ನಗುತ್ತಾರೆ. ತಾಲ್ಲೂಕಿನಿಂದ ಬೆಂಗಳೂರಿನ ಕಾಲೇಜಿಗೆ ಬಂದು ಮೊದಲ ವಾರ ಬಾಯೇ ಬಿಡದೆ ಕೂತವರಿಗೆ ಆ ಬೆಂಚು ಗೊತ್ತು. ಒಬ್ಬ ಗುರು ಅವಳನ್ನು ಯುದ್ಧವಿದ್ಯೆಯ ತರಗತಿಯಿಂದಲೇ ಹೊರಗೆ ಹಾಕುತ್ತಾನೆ. ಅವಳನ್ನು ಶಿಷ್ಯೆಯಾಗಿ ತಗೊಳ್ಳುವುದು ಎಲ್ಲರೂ ಹುಚ್ಚ ಅನ್ನುವ ಜಿಯಾಂಗ್ ಎಂಬ ಗುರು. ಅವನು ಕಲಿಸುವುದು ದೇವರುಗಳನ್ನು ಮೈಮೇಲೆ ಕರೆಯುವ ವಿದ್ಯೆ. ಕಲಿಸುತ್ತಾ ಅವನು ಪದೇ ಪದೇ ಹೇಳುವುದು, ಅದನ್ನು ಯುದ್ಧಕ್ಕೆ ಬಳಸಬೇಡ ಅಂತ.

ಅಂದರೆ ದುಡ್ಡು ಕೇಳದ ಶಾಲೆ ರಿನ್‌ಳಿಂದ ಮಿಕ್ಕಿದ್ದೆಲ್ಲ ಕೇಳುತ್ತದೆ. ಮುಟ್ಟು ಓದಿಗೆ ಅಡ್ಡಿ ಅಂತ ಗರ್ಭಕೋಶವನ್ನೇ ಕೊಲ್ಲುವ ಮದ್ದು ಕುಡಿದು ಬರುತ್ತಾಳೆ. ಆಮೇಲೆ ಯುದ್ಧ ಬಂದಾಗ ಶಾಲೆ ಯಾಕೆ ಬಿಟ್ಟಿ ಇತ್ತು ಅಂತ ಗೊತ್ತಾಗುತ್ತದೆ. ಅದು ಸೈನಿಕರನ್ನು ತಯಾರು ಮಾಡುವ ಶಾಲೆ. ಮಕ್ಕಳೇ ಅದರ ಬಂಡವಾಳ. ಕ್ವಾಂಗ್ 1996ರಲ್ಲಿ ಚೀನಾದ ಗುವಾಂಗ್‌ಜೌನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ಇದನ್ನು ಬರೆಯೋಕೆ ಶುರು ಮಾಡಿದಾಗ ಅವರಿಗೆ 19. ಆ ವಯಸ್ಸಿನಲ್ಲಿ ಇಷ್ಟು ಗಟ್ಟಿ ಎದೆ ಎಲ್ಲಿಂದ ಬಂತು ಅಂತ ನನಗೆ ಈಗಲೂ ಆಶ್ಚರ್ಯ.

ಯಾವುದನ್ನು ಆರಿಸಬೇಕು? ಶಾಲೆಯಲ್ಲೇ ಇರಬೇಕು, ಹೊರಗೆ ಬರೋಕೆ ಮನಸ್ಸಿಲ್ಲ ಅನ್ನುವವರು ಕ್ವೋತ್‌ನ ಹತ್ತಿರ ಹೋಗಿ. ಶಾಲೆ ಸಿಗೋಕೆ ಸುಮಾರು ಮೂರನೇ ಒಂದು ಭಾಗ ಓದಬೇಕು, ಸಿಕ್ಕ ಮೇಲೆ ಕೊನೆವರೆಗೂ ಬಹುಪಾಲು ಅಲ್ಲೇ. ರಿನ್‌ನದು ಉಲ್ಟಾ. ಶಾಲೆ ಬೇಗ ಸಿಗುತ್ತದೆ, ಬೇಗ ಕೈತಪ್ಪುತ್ತದೆ. ಇನ್ನೊಂದು ದೊಡ್ಡ ವ್ಯತ್ಯಾಸ, ರಿನ್‌ನ ಕಥೆ ಮೂರು ಪುಸ್ತಕದಲ್ಲಿ, 2020ಕ್ಕೆ ಮುಗಿದಿದೆ. ಕ್ವೋತ್‌ನದು ಮುಗಿದಿಲ್ಲ. ಮೂರು ದಿನದಲ್ಲಿ ಹೇಳುವ ಆತ್ಮಕಥೆ ಅದು, ಎರಡನೇ ದಿನದ ಪುಸ್ತಕ 2011ರಲ್ಲಿ ಬಂತು, ಮೂರನೆಯದಕ್ಕೆ ಓದುಗರು ಇನ್ನೂ ಕಾಯುತ್ತಿದ್ದಾರೆ. ಕೊನೆ ಗೊತ್ತಾಗದಿದ್ದರೆ ನಿದ್ದೆ ಬರಲ್ಲ ಅನ್ನುವವರು ಇದನ್ನು ನೋಡಿಕೊಂಡೇ ಕೈಹಾಕಿ. ನಾನು ಹಾಕಿದ್ದೇನೆ, ಪಶ್ಚಾತ್ತಾಪ ಇಲ್ಲ.

ಕ್ವೋತ್‌ನ ಪುಸ್ತಕದ ಬಗ್ಗೆ ನನಗೊಂದು ತಕರಾರು ಇದೆ. ಅವನು ಪ್ರೀತಿಸುವ ಡೆನ್ನಾ ಎಂಬ ಹುಡುಗಿಯನ್ನು ನಾವು ಅವನ ಕಣ್ಣಿನಿಂದ ಮಾತ್ರ ನೋಡುತ್ತೇವೆ. ಅವಳು ಬರುತ್ತಾಳೆ, ಹೋಗುತ್ತಾಳೆ, ಅವನು ಹಂಬಲಿಸುತ್ತಾನೆ. ಅವಳ ದಿನ ಹೇಗೆ ನಡೆಯುತ್ತಿದೆ ಅನ್ನುವುದು ನನಗೆ ಅವನ ಹಂಬಲಕ್ಕಿಂತ ಜಾಸ್ತಿ ಬೇಕಿತ್ತು. ರಿನ್‌ನ ಪುಸ್ತಕದ ಮೇಲೆ ತಕರಾರು ಇಲ್ಲ, ಎಚ್ಚರಿಕೆ ಇದೆ. ಹದಿನೆಂಟಕ್ಕೆ ಮೊದಲು ಬೇಡ. ಹಿಂಸೆ, ಅತ್ಯಾಚಾರದ ವಿವರ ಓದಲಾಗದವರು ಯಾವ ವಯಸ್ಸಿನವರೇ ಆಗಲಿ, ಬೇಡ ಅನ್ನಿ, ಅದರಲ್ಲಿ ಏನೂ ಕಡಿಮೆ ಇಲ್ಲ.

ಕ್ವಾಂಗ್ ಅವರ ಬರವಣಿಗೆ ನೋಡಬೇಕು, ಆದರೆ ಯುದ್ಧ ಬೇಡ ಅನ್ನುವವರಿಗೆ 2022ರ 'ಬೇಬೆಲ್' ಇದೆ. ಚೊಚ್ಚಲ ಅಲ್ಲ, ಅದಕ್ಕೇ ಒಂದೇ ಮಾತಿನಲ್ಲಿ ಹೇಳುತ್ತೇನೆ. ಅದರಲ್ಲಿ ಮಂತ್ರ ಹುಟ್ಟುವುದೇ ಅನುವಾದದಿಂದ, ಒಂದು ಭಾಷೆಯ ಪದ ಇನ್ನೊಂದಕ್ಕೆ ಹೋಗುವಾಗ ಕಳೆದುಹೋಗುವ ಅರ್ಥದಿಂದ. ಮನೆಯಲ್ಲಿ ಒಂದು ಭಾಷೆ, ಆಫೀಸಿನಲ್ಲಿ ಇನ್ನೊಂದು ಭಾಷೆ ಆಡುವ ನಮ್ಮಂಥವರಿಗೆ ಅದು ಬೇರೆ ಥರ ತಟ್ಟುತ್ತದೆ.

ಮಂತ್ರ ಬಾರದವರಿಗೆ ಒಂದು

ಇನ್ನೊಂದು ಪುಸ್ತಕವನ್ನು ಯಾರೂ ಕೇಳುವುದಿಲ್ಲ, ನಾನೇ ಮುಂದೆ ಇಡುತ್ತೇನೆ. ಸಾರಾ ಗೇಲಿ ಅವರ 'ಮ್ಯಾಜಿಕ್ ಫಾರ್ ಲೈಯರ್ಸ್', 2019. ಐವಿ ಗ್ಯಾಂಬಲ್ ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಪತ್ತೇದಾರಿಣಿ. ಅವಳ ಅವಳಿ ಸೋದರಿ ಟ್ಯಾಬಿತಾಗೆ ಮಂತ್ರ ಬರುತ್ತದೆ. ಐವಿಗೆ ಬರುವುದಿಲ್ಲ. ಟ್ಯಾಬಿತಾ ಮಂತ್ರಶಾಲೆಗೆ ಹೋದಳು, ಈಗ ಇನ್ನೊಂದು ಮಂತ್ರಶಾಲೆಯಲ್ಲಿ ಟೀಚರ್. ಆ ಶಾಲೆಯ ಲೈಬ್ರರಿಯಲ್ಲಿ ಒಂದು ಸಾವು ಆಗುತ್ತದೆ. ತನಿಖೆಗೆ ಕರೆಸುವುದು ಐವಿಯನ್ನು.

ಮಕ್ಕಳು ಗಾಳಿಯಲ್ಲಿ ಕಾಗದದ ಚೀಟಿ ಹಾರಿಸುವುದನ್ನು ಅವಳು ಕಾರಿಡಾರಿನಲ್ಲಿ ನಿಂತು ನೋಡುತ್ತಾಳೆ. ಅವರಿಗದು ಸಾಮಾನ್ಯ. ಅವಳಿಗೆ ತನಗೆ ಸಿಗದ ಬಾಲ್ಯ. ಯಾರೋ ಅವಳನ್ನೂ ಮಂತ್ರ ಬಲ್ಲವಳು ಅಂದುಕೊಂಡಾಗ ಅವಳು ಅಲ್ಲ ಅನ್ನುವುದಿಲ್ಲ, ಸುಮ್ಮನಾಗುತ್ತಾಳೆ. ಶಾಲೆಯ ಫೀಸು ಒಳಗೆ ಹೋದವರು ಮಾತ್ರ ಕಟ್ಟುತ್ತಾರೆ ಅಂದುಕೊಂಡಿದ್ದೆ. ಸೀಟು ಸಿಗದೆ ಮನೆಯಲ್ಲಿ ಉಳಿದ ಅಕ್ಕ ತಂಗಿಯೂ ಕಟ್ಟುತ್ತಿರುತ್ತಾರೆ ಅಂತ ಈ ಪುಸ್ತಕ ತೋರಿಸಿತು. ಕುಡಿತ, ಅಮ್ಮನ ಕಾಯಿಲೆ, ಗರ್ಭಪಾತದ ವಿಷಯ ಇವೆ, ದೊಡ್ಡವರಿಗೆ ಮಾತ್ರ. ಒಂದೇ ಪುಸ್ತಕ, ಮುಂದಿನ ಭಾಗದ ಚಿಂತೆ ಇಲ್ಲ. ಕೊಲೆ ಮಾಡಿದ್ದು ಯಾರು ಅನ್ನುವುದಕ್ಕಿಂತ ಆ ಇಬ್ಬರು ಅವಳಿಗಳು ಒಂದು ರಾತ್ರಿ ಎದುರುಬದುರು ಕೂತು ಮಾತಾಡುವುದೇ ನನಗೆ ಜಾಸ್ತಿ ನೆನಪಿದೆ.

ಕೊಳ್ಳುವ ಮುಂಚೆ ಇನ್ನೊಂದು ಮಾತು. ಮಗುವಿಗೆ ಕೊಡುವುದಾದರೆ ಮೊದಲ ಅಧ್ಯಾಯದ ಜೊತೆಗೆ ನಡುವಿನ ಒಂದು ಅಧ್ಯಾಯ ಮತ್ತು ಕೊನೆಯ ಐವತ್ತು ಪುಟಗಳಲ್ಲಿ ಎಲ್ಲಾದರೂ ಒಂದು ಕಡೆ ತೆರೆದು ಓದಿ. ಮೊದಲ ಅಧ್ಯಾಯದಲ್ಲಿ ಎಲ್ಲ 'ಪಾಪ ಬಡ ಮಗು' ಕಥೆಗಳೂ ಒಂದೇ ಥರ ಕಾಣುತ್ತವೆ. ಫೀಸಿನ ರಸೀದಿ ಹಿಂದಿನ ಪುಟಗಳಲ್ಲಿ ಇರುತ್ತದೆ.

ಅಣ್ಣನ ಮಗಳಿಗೆ ಈಗ ಹದಿನಾರು. 'ಲೆಜೆಂಡ್‌ಬಾರ್ನ್' ಎರಡನೇ ಸಲ ಓದುತ್ತಿದ್ದಾಳೆ. 'ದಿ ಪಾಪಿ ವಾರ್' ನನ್ನ ಕಪಾಟಿನಲ್ಲಿ ಇದೆ. ಅವತ್ತು ನಿಲ್ಲಿಸಿದ ಪುಟದಲ್ಲಿ ಅವಳು ಇಟ್ಟಿದ್ದ ಬಸ್ ಟಿಕೆಟ್ ಇನ್ನೂ ಹಾಗೇ ಇದೆ, ನಾನು ತೆಗೆದಿಲ್ಲ. ಹೋದ ಸಲ ಮನೆಗೆ ಬಂದಾಗ ಅದರ ಬೆನ್ನ ಮೇಲೆ ಬೆರಳಾಡಿಸಿ, "ರಿನ್‌ಗೆ ಏನಾಯ್ತು ಅಂತ ಮಾತ್ರ ಹೇಳಿಬಿಡು" ಅಂದಳು. ಇನ್ನೆರಡು ವರ್ಷ ಇರು, ನೀನೇ ಓದು ಅಂದೆ.